ಕ್ಲಚ್ ಒತ್ತಿದಾಗ ಕೀಚಲು ಸದ್ದು: ಹಳೇ ಕಾರಿನ ಪೈಲಟ್ ಬುಷ್ ಪತ್ತೆ ಮತ್ತು ಬದಲಾವಣೆ

ಹಳೇ ಕಾರಿನಲ್ಲಿ ಕ್ಲಚ್ ಒತ್ತಿದಾಗ ಕೀಚಲು ಸದ್ದು ಬಂತು ಅಂದರೆ ಎಲ್ಲರೂ ಮೊದಲು ಅನುಮಾನ ಪಡುವುದು ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳಿ ಬಿಡಿಸುವ ಬೇರಿಂಗ್) ಮೇಲೆ. ಗೇರ್ ಬಾಕ್ಸ್ ಇಳಿಸಿ, ಹೊಸ ರಿಲೀಸ್ ಬೇರಿಂಗ್ ಹಾಕಿ, ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಸದ್ದು. ಹೀಗಾದಾಗ ಬಹಳ ಸಲ ಸದ್ದು ಬರುತ್ತಿರುವುದು ಇನ್ನೂ ಒಳಗಿರುವ ಪೈಲಟ್ ಬುಷ್‌ನಿಂದ. ಬ್ರಿಟಿಷ್ ಕಾರುಗಳ ಕೈಪಿಡಿಗಳಲ್ಲಿ ಇದನ್ನೇ ಸ್ಪಿಗಾಟ್ ಬುಷ್ ಅಂತ ಬರೆದಿರುತ್ತಾರೆ.

ನೋಡಲು ಬೆರಳುದ್ದವೂ ಇಲ್ಲದ, ಹಿತ್ತಾಳೆ ಬಣ್ಣದ ಕೊಳವೆ ತುಂಡು. ಬೆಲೆಯೂ ಜಾಸ್ತಿ ಇಲ್ಲ. ಆದರೆ ಅದರ ಮುಖ ನೋಡಬೇಕಾದರೆ ಗೇರ್ ಬಾಕ್ಸ್, ಕ್ಲಚ್ ಎರಡೂ ಹೊರಗೆ ಬರಬೇಕು. ಕೆಲವು ಕಾರುಗಳಲ್ಲಂತೂ ಎಂಜಿನ್ನನ್ನೇ ಎತ್ತಬೇಕು. ಅದಕ್ಕೇ ಸ್ಪ್ಯಾನರ್ ಹಿಡಿಯುವ ಮೊದಲು ಕಿವಿಗೆ ಕೆಲಸ ಕೊಡಬೇಕು. ಬುಷ್ ಹೋಗಿದೆ ಅಂತ ಗೊತ್ತಾದ ಮೇಲೂ ಅರ್ಧ ಕೆಲಸ ಬಾಕಿ ಇರುತ್ತದೆ. ಅದು ಯಾಕೆ ಹೋಯಿತು ಅಂತ ಹುಡುಕದೆ ಸುಮ್ನೆ ಹೊಸದು ಬಡಿದರೆ ಮತ್ತೆ ಅದೇ ಕಾರಿನ ಕೆಳಗೆ ಮಲಗಬೇಕಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಎಂಜಿನ್ ಮುಂದೆ, ಅದರ ಹಿಂದೆ ಗೇರ್ ಬಾಕ್ಸ್, ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಮಾಮೂಲಿ ಹಳೇ ಕಾರಿಗೆ. ನಿಮ್ಮ ಕಾರಿನ ಕೈಪಿಡಿ ಬೇರೆ ಅಳತೆ ಕೊಟ್ಟಿದ್ದರೆ ಕೈಪಿಡಿಯ ಮಾತೇ ಅಂತಿಮ.

ಬುಷ್‌ಗೆ ಕೆಲಸ ಬೀಳುವುದು ಯಾವಾಗ?

ಎಂಜಿನ್ ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟ್‌ನ ಹಿಂತುದಿಯಲ್ಲಿ ನಟ್ಟನಡುವೆ ಒಂದು ತೂತು ಇರುತ್ತದೆ. ಬುಷ್ ಅದರಲ್ಲಿ ಬಿಗಿಯಾಗಿ ಕೂತಿರುತ್ತದೆ. ಗೇರ್ ಬಾಕ್ಸ್‌ನಿಂದ ಮುಂದಕ್ಕೆ ಚಾಚಿರುವ ಇನ್‌ಪುಟ್ ಶಾಫ್ಟ್‌ನ ಸಣ್ಣ ತುದಿ ಈ ಬುಷ್ ಒಳಗೆ ಬರುತ್ತದೆ. ಆ ಶಾಫ್ಟ್‌ಗೆ ಹಿಂದೆ ಗೇರ್ ಬಾಕ್ಸ್ ಗೋಡೆಯಲ್ಲಿ ಒಂದೇ ಬೇರಿಂಗ್ ಇರುತ್ತದೆ. ಮುಂದಿನ ಉದ್ದವೆಲ್ಲ ಗಾಳಿಯಲ್ಲಿ ನೇತಾಡುತ್ತದೆ, ಅದರ ಮೇಲೆ ಕ್ಲಚ್ ಪ್ಲೇಟ್ ಬೇರೆ. ಆ ತುದಿಯನ್ನು ನೇರವಾಗಿ ಹಿಡಿದಿಡುವುದೇ ಬುಷ್‌ನ ಕೆಲಸ. ಎಲ್ಲ ಕಾರುಗಳಲ್ಲೂ ಬುಷ್ಷೇ ಇರುತ್ತದೆ ಅಂತಿಲ್ಲ. ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ಫ್ಲೈವೀಲ್‌ನಲ್ಲಿ (ಕ್ರ್ಯಾಂಕ್ ಹಿಂತುದಿಗೆ ಬಿಗಿದ ಭಾರದ ಚಕ್ರ) ಕೂರಿಸಿದ ಬಾಲ್ ಬೇರಿಂಗ್ ಈ ಕೆಲಸ ಮಾಡುತ್ತದೆ.

ಪತ್ತೆಯ ಕೀಲಿ ಇರುವುದು ಇಲ್ಲೇ. ಪೆಡಲ್ ಬಿಟ್ಟಿದ್ದಾಗ ಕ್ಲಚ್ ಹಿಡಿದಿರುತ್ತದೆ. ಕ್ರ್ಯಾಂಕ್, ಇನ್‌ಪುಟ್ ಶಾಫ್ಟ್ ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಆಗ ಬುಷ್‌ಗೂ ಶಾಫ್ಟ್ ತುದಿಗೂ ನಡುವೆ ಉಜ್ಜಾಟವೇ ಇಲ್ಲ. ಪೆಡಲ್ ಒತ್ತಿ ಗೇರ್ ಹಾಕಿ ನಿಂತಾಗ ಮಾತ್ರ ಕ್ರ್ಯಾಂಕ್ ತಿರುಗುತ್ತಿರುತ್ತದೆ, ಶಾಫ್ಟ್ ನಿಂತಿರುತ್ತದೆ. ಬುಷ್‌ಗೆ ನಿಜವಾದ ಕೆಲಸ ಬೀಳುವುದು ಆ ಹೊತ್ತಿನಲ್ಲಿ. ಸಿಗ್ನಲ್‌ನಲ್ಲಿ ಗೇರ್ ಹಾಕಿಕೊಂಡು ಕ್ಲಚ್ ಒತ್ತಿಯೇ ನಿಲ್ಲುವ ಅಭ್ಯಾಸ ಇರುವವರ ಕಾರಿನಲ್ಲಿ ಬುಷ್ ಬೇಗ ಸವೆಯುವುದು ಇದರಿಂದಲೇ.

ಗೇರ್ ಬಾಕ್ಸ್ ಮುಟ್ಟುವ ಮೊದಲು

ಎಂಜಿನ್ ಬಿಸಿಯಾಗಲಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡ ಕೊಡಿ. ಐಡಲ್‌ನಲ್ಲಿ ಬಿಟ್ಟು ಹೀಗೆ ಕೇಳಿಸಿಕೊಳ್ಳಿ.

ಮೊದಲು ನ್ಯೂಟ್ರಲ್, ಪೆಡಲ್ ಮುಟ್ಟಬೇಡಿ. ಈಗಲೇ ಗೊರಗೊರ ಸದ್ದಿದ್ದು ಪೆಡಲ್ ಒತ್ತಿದ ತಕ್ಷಣ ಕಡಿಮೆಯಾದರೆ ಅದು ಗೇರ್ ಬಾಕ್ಸ್ ಒಳಗಿನ ಇನ್‌ಪುಟ್ ಬೇರಿಂಗ್ ಅಥವಾ ಅದರ ಕೆಳಗೆ ಗೇರ್‌ಗಳನ್ನು ಹೊತ್ತು ತಿರುಗುವ ಲೇ ಶಾಫ್ಟ್. ಪೈಲಟ್ ಬುಷ್ ಅಲ್ಲ.

ಈಗ ಪೆಡಲ್ ಮೇಲೆ ಕಾಲು ಇಟ್ಟು ಸ್ವಲ್ಪವೇ ಒತ್ತಿ. ಪೆಡಲಿನ ಮೊದಲ ಸಡಿಲ ಓಟ (ಫ್ರೀ ಪ್ಲೇ) ಮುಗಿದು ರಿಲೀಸ್ ಬೇರಿಂಗ್ ತಾಗುವಷ್ಟು ಸಾಕು. ಅಷ್ಟಕ್ಕೇ ಸದ್ದು ಶುರುವಾದರೆ ರಿಲೀಸ್ ಬೇರಿಂಗ್. ಹಳೇ ಬ್ರಿಟಿಷ್ ಕಾರುಗಳಲ್ಲಿ ಇಲ್ಲಿ ಬಾಲ್ ಬೇರಿಂಗ್ ಬದಲು ಕಾರ್ಬನ್ ಉಂಗುರ ಇರುವುದುಂಟು. ಅದು ಸವೆದರೆ ಕೀಚಲಿಗಿಂತ ಒರಟಾಗಿ ಉಜ್ಜುವ ಸದ್ದು ಬರುತ್ತದೆ.

ಮೂರನೆಯದು ಮುಖ್ಯವಾದದ್ದು. ನ್ಯೂಟ್ರಲ್‌ನಲ್ಲೇ ಪೆಡಲ್ ಪೂರ್ತಿ ಒತ್ತಿ ಹಿಡಿದು ಕೇಳಿ. ಆಮೇಲೆ ಪೆಡಲ್ ಬಿಡದೆ ಗೇರ್ ಹಾಕಿ, ಮತ್ತೆ ಕೇಳಿ. ರಿಲೀಸ್ ಬೇರಿಂಗ್‌ಗೆ ಗೇರ್ ಬಿದ್ದಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಅದರ ಸದ್ದು ಎರಡೂ ಕಡೆ ಒಂದೇ. ಪೈಲಟ್ ಬುಷ್ ಹಾಗಲ್ಲ. ನ್ಯೂಟ್ರಲ್‌ನಲ್ಲಿ ಇನ್‌ಪುಟ್ ಶಾಫ್ಟ್ ಬಿಡುವಾಗಿರುತ್ತದೆ. ಕೆಟ್ಟ ಬುಷ್ ಅದನ್ನು ತನ್ನ ಜೊತೆಗೇ ಎಳೆದುಕೊಂಡು ತಿರುಗಬಹುದು, ಆಗ ಸದ್ದು ಬರದೆಯೂ ಇರಬಹುದು. ಗೇರ್ ಬಿದ್ದ ಕೂಡಲೇ ಚಕ್ರಗಳು ಶಾಫ್ಟನ್ನು ಹಿಡಿದು ನಿಲ್ಲಿಸುತ್ತವೆ. ಆ ಕ್ಷಣದಲ್ಲಿ ಕೀಚಲು ಶುರುವಾಯಿತು ಅಥವಾ ಇದ್ದ ಸದ್ದು ಜೋರಾಯಿತು ಅಂದರೆ ಬುಷ್ ಮೇಲೆ ಅನುಮಾನ ಗಟ್ಟಿ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಒಳ್ಳೆಯದು. ಕಾರಿನ ಮುಂದೆ, ಹಿಂದೆ ಯಾರೂ ನಿಲ್ಲಬಾರದು. ಪಕ್ಕಕ್ಕೆ ನಿಂತು, ಬೆಲ್ ಹೌಸಿಂಗ್‌ಗೆ (ಕ್ಲಚ್ ಮುಚ್ಚಿರುವ ಗಂಟೆಯಾಕಾರದ ಹೊದಿಕೆ) ಕೈ ಎಟುಕುವಂತಿದ್ದರೆ, ಉದ್ದ ಸ್ಕ್ರೂ ಡ್ರೈವರ್ ಆನಿಸಿ ಹಿಡಿಯನ್ನು ಕಿವಿಗೆ ಹಿಡಿದರೆ ಸದ್ದು ಎಲ್ಲಿಂದ ಅಂತ ಇನ್ನೂ ಸ್ಪಷ್ಟವಾಗುತ್ತದೆ. ಕಾರಿನ ಕೆಳಗಂತೂ ಈ ಹೊತ್ತಿನಲ್ಲಿ ಯಾರೂ ಇರಬಾರದು.

ಇದರ ಜೊತೆಗೆ ಒಂದು ಸಣ್ಣ ಪರೀಕ್ಷೆ ಮಾಡಿಬಿಡಿ. ಎಂಜಿನ್ ಆಫ್ ಮಾಡಿ, ಒಬ್ಬರು ಪೆಡಲ್ ಒತ್ತಿ ಬಿಡುತ್ತಿರಲಿ, ನೀವು ಮುಂದಿನ ಕ್ರ್ಯಾಂಕ್ ಪುಲ್ಲಿಯನ್ನು ನೋಡಿ. ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಹಿಂದೆ ಸರಿದರೆ ಕ್ರ್ಯಾಂಕ್ ಮುಂದೆ ಹಿಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದಿದೆ. ಕ್ಲಚ್ ಒತ್ತಿದಾಗ ಸದ್ದು ಬದಲಾಗುವುದಕ್ಕೆ ಅದೂ ಕಾರಣ ಆಗಬಹುದು. ಆಗ ಬುಷ್‌ಗಿಂತ ದೊಡ್ಡ ಕೆಲಸ ಕಾದಿದೆ.

ಸದ್ದಿಲ್ಲ, ಆದರೆ ಗೇರ್ ಬೀಳುತ್ತಿಲ್ಲ

ಬುಷ್ ಕೆಡುವುದಕ್ಕೆ ಇನ್ನೊಂದು ರೂಪ ಇದೆ. ಎಣ್ಣೆ ಆರಿ, ಬಿಸಿಯಾಗಿ, ಶಾಫ್ಟ್ ತುದಿಯನ್ನು ಕಚ್ಚಿಕೊಂಡುಬಿಡುವುದು. ಆಗ ಪೆಡಲ್ ಪೂರ್ತಿ ಒತ್ತಿ ಕ್ಲಚ್ ಬಿಡಿಸಿದ್ದರೂ ಇನ್‌ಪುಟ್ ಶಾಫ್ಟ್ ಎಂಜಿನ್ ಜೊತೆ ತಿರುಗುತ್ತಲೇ ಇರುತ್ತದೆ. ಸಿಂಕ್ರೊಮೆಶ್ (ಗೇರ್‌ಗಳ ವೇಗ ಹೊಂದಿಸುವ ಏರ್ಪಾಡು) ಇಲ್ಲದ ಮೊದಲ ಗೇರ್, ರಿವರ್ಸ್ ಎರಡರಲ್ಲೂ ಕರ್ರ್ ಅನ್ನುತ್ತದೆ. ಎಂಜಿನ್ ಆಫ್ ಮಾಡಿದರೆ ಅದೇ ಗೇರ್ ಬೆಣ್ಣೆಯಂತೆ ಬೀಳುತ್ತದೆ.

ಪರೀಕ್ಷೆ ಸುಲಭ. ಐಡಲ್‌ನಲ್ಲಿ, ನ್ಯೂಟ್ರಲ್‌ನಲ್ಲಿ ಪೆಡಲ್ ಪೂರ್ತಿ ಒತ್ತಿ, ಐದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಶಾಫ್ಟ್ ನಿಂತಿದ್ದರೆ ಸದ್ದಿಲ್ಲದೆ ಬೀಳಬೇಕು. ಬೀಳದಿದ್ದರೆ ಯಾವುದೋ ಶಾಫ್ಟನ್ನು ಎಳೆಯುತ್ತಿದೆ. ಆದರೆ ಎಳೆಯುತ್ತಿರುವುದು ಬುಷ್ಷೇ ಅಂತ ಇಷ್ಟಕ್ಕೇ ತೀರ್ಮಾನಿಸಬೇಡಿ. ಹೆಚ್ಚಿನ ಸಲ ತಪ್ಪು ಕ್ಲಚ್ ಬಿಡಿಸುವ ವ್ಯವಸ್ಥೆಯದ್ದೇ ಆಗಿರುತ್ತದೆ. ಪೆಡಲ್ಲನ್ನು ನಾಲ್ಕೈದು ಸಲ ಪಂಪ್ ಮಾಡಿದರೆ ಗೇರ್ ಸರಾಗ ಬಿದ್ದರೆ ಹೈಡ್ರಾಲಿಕ್ ಲೈನಿನಲ್ಲಿ ಗಾಳಿ ಇದೆ, ಇಲ್ಲವೇ ಸಿಲಿಂಡರ್ ರಬ್ಬರ್ ಸೋತಿದೆ. ರಾಡ್ ಅಥವಾ ಕೇಬಲ್ ಇದ್ದರೆ ಪಿನ್ ಸವೆದು ಪೆಡಲ್ ಓಟ ದಾರಿಯಲ್ಲೇ ಕಳೆದುಹೋಗುತ್ತಿರಬಹುದು. ರಿಲೀಸ್ ಬೇರಿಂಗ್ ತಳ್ಳುವ ಫೋರ್ಕ್‌ನ ತುದಿ ಎಷ್ಟು ಸರಿಯುತ್ತದೆ ಅಂತ ಸ್ಕೇಲ್ ಹಿಡಿದು ಅಳೆದು ಕೈಪಿಡಿಗೆ ತಾಳೆ ನೋಡಿ.

ಓಟ ಸರಿಯಾಗಿದೆ, ಆದರೂ ಶಾಫ್ಟ್ ನಿಲ್ಲುತ್ತಿಲ್ಲ. ಆಗ ಉಳಿದವರು ಮೂವರು: ಬಾಗಿದ ಕ್ಲಚ್ ಪ್ಲೇಟ್, ಶಾಫ್ಟಿನ ಉದ್ದ ಹಲ್ಲುಗಳ (ಸ್ಪ್ಲೈನ್) ಮೇಲೆ ಜಾರದೆ ಅಂಟಿಕೊಂಡ ಪ್ಲೇಟ್, ಕಚ್ಚಿಕೊಂಡ ಪೈಲಟ್ ಬುಷ್. ಬೆಲ್ ಹೌಸಿಂಗ್ ಕೆಳಗೆ ಮುಚ್ಚಳ ಇರುವ ಕಾರಾದರೆ ಅದೃಷ್ಟ. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಒಬ್ಬರು ಪೆಡಲ್ ಒತ್ತಿ ಹಿಡಿಯಲಿ. ಪ್ಲೇಟಿಗೂ ಫ್ಲೈವೀಲಿಗೂ ನಡುವೆ ಸುತ್ತಲೂ ಸಂದಿ ಅಳೆಯುವ ತೆಳು ಫೀಲರ್ ಗೇಜ್ ಹೋದರೆ ಪ್ಲೇಟ್ ಬಿಟ್ಟಿದೆ. ಈಗ ಪ್ಲೇಟಿನ ಅಂಚನ್ನು ಸ್ಕ್ರೂ ಡ್ರೈವರ್‌ನಿಂದ ಮೆಲ್ಲಗೆ ತಳ್ಳಿ ತಿರುಗಿಸಿ ನೋಡಿ. ಬಿಟ್ಟಿರುವ ಪ್ಲೇಟ್ ಗೇರ್ ಎಣ್ಣೆಯ ಅಲ್ಪ ತಡೆಯೊಂದಿಗೆ ತಿರುಗಬೇಕು. ಪ್ಲೇಟ್ ಬಿಟ್ಟಿದ್ದೂ ತಿರುಗಲು ಮೊಂಡು ಹಿಡಿದರೆ ಹಿಡಿದಿರುವುದು ಬುಷ್.

ಇನ್ನೊಂದು ಸುಳಿವು ಬಿಸಿಗೆ ಸಂಬಂಧಿಸಿದ್ದು. ತಣ್ಣಗಿದ್ದಾಗ ಗೇರ್ ಎಣ್ಣೆ ಗಟ್ಟಿ. ಅದೇ ಇನ್‌ಪುಟ್ ಶಾಫ್ಟಿಗೆ ಬ್ರೇಕ್ ಹಾಕುತ್ತದೆ. ಕಾರು ಓಡಿ ಎಣ್ಣೆ ತೆಳುವಾದ ಮೇಲೆ ಆ ಬ್ರೇಕ್ ಇರುವುದಿಲ್ಲ. ಹಾಗಾಗಿ ಬೆಳಗ್ಗೆ ಸರಿಯಾಗಿ ಬಿದ್ದ ರಿವರ್ಸ್ ಸಂಜೆ ಕಿರುಚಿದರೆ ಯಾವುದೋ ಮೆಲ್ಲಗೆ ಎಳೆಯುತ್ತಿದೆ ಅಂತ ಅರ್ಥ.

ಬಿಚ್ಚಿದ ಮೇಲೆ ಒರೆಸಬೇಡಿ, ಮೊದಲು ನೋಡಿ

ಬ್ಯಾಟರಿ ವೈರ್ ತೆಗೆದು, ಕಾರನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ, ಗೇರ್ ಬಾಕ್ಸ್ ಇಳಿಸುವುದನ್ನು ಕೈಪಿಡಿಯಂತೆ ಮಾಡಿ. ಪ್ರತಿ ಕಾರಿಗೂ ದಾರಿ ಬೇರೆ, ಅದನ್ನಿಲ್ಲಿ ಹೇಳಿ ಪ್ರಯೋಜನವಿಲ್ಲ. ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ ಸೇರಿದ್ದು. ಹಳೇ ಕ್ಲಚ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಬೆಲ್ ಹೌಸಿಂಗ್ ಒಳಗಿನ ಕರಿ ಧೂಳಿಗೆ ಗಾಳಿ ಹೊಡೆಯಬೇಡಿ. ಸರಿಯಾದ ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ.

ಆದರೆ ಬುಷ್ ಮತ್ತು ಶಾಫ್ಟ್ ತುದಿಯನ್ನು ಒರೆಸುವ ಮೊದಲು ಟಾರ್ಚ್ ಹಾಕಿ ನೋಡಿ. ಯಾಕೆ ಹೋಯಿತು ಅನ್ನುವುದಕ್ಕೆ ಉತ್ತರ ಅಲ್ಲೇ ಬರೆದಿರುತ್ತದೆ. ಶಾಫ್ಟ್ ತುದಿಗೆ ಹಳದಿ ಲೋಹ ಮೆತ್ತಿದ್ದರೆ ಎಣ್ಣೆ ಇಲ್ಲದೆ ಬುಷ್ ಕಚ್ಚಿದೆ. ನೀಲಿ ಬಣ್ಣ ಕಂಡರೆ ಚೆನ್ನಾಗಿ ಕಾದಿದೆ, ಆ ಜಾಗದ ಗಡಸುತನ ಹೋಗಿರಬಹುದು. ಕೆಂಪು ಕಂದು ಪುಡಿ ಇದ್ದರೆ ಶಾಫ್ಟ್ ಮತ್ತು ಬುಷ್ ನಡುವೆ ಸಣ್ಣಗೆ ಅದುರಾಟ ನಡೆದಿದೆ.

ಬುಷ್ ಹೇಗೆ ಸವೆದಿದೆ ಅನ್ನುವುದನ್ನು ನಾನು ಎಲ್ಲಕ್ಕಿಂತ ಜಾಸ್ತಿ ನಂಬುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಬೆಲ್ ಹೌಸಿಂಗ್ ಕ್ರ್ಯಾಂಕ್‌ನ ನಡುಗೆರೆಗೆ ಸರಿಯಾಗಿ ಕೂತಿಲ್ಲ ಅನ್ನಿ. ಶಾಫ್ಟ್ ಯಾವಾಗಲೂ ಒಂದೇ ಕಡೆಗೆ, ಉದಾಹರಣೆಗೆ ಕೆಳಕ್ಕೆ, ಒತ್ತುತ್ತಿರುತ್ತದೆ. ಬುಷ್ ಅದರ ಸುತ್ತ ತಿರುಗುತ್ತದೆ. ಆಗ ಬುಷ್‌ನ ಎಲ್ಲ ಭಾಗವೂ ಸರದಿಯಲ್ಲಿ ಉಜ್ಜಿಸಿಕೊಳ್ಳುತ್ತದೆ. ತೂತು ಗುಂಡಗೇ ಉಳಿದು ದೊಡ್ಡದಾಗುತ್ತದೆ, ಬಾಯಿ ಕಡೆ ಗಂಟೆಯ ಆಕಾರದಲ್ಲಿ ಅಗಲವಾಗುತ್ತದೆ. ಇನ್ನೊಂದು ಸಂದರ್ಭ, ಹೌಸಿಂಗ್ ಸರಿ ಇದೆ, ಆದರೆ ಬುಷ್ಷನ್ನೇ ಓರೆಯಾಗಿ ಬಡಿದಿದ್ದಾರೆ ಅಥವಾ ಅದರ ತೂತು ನಡುವಿನಲ್ಲಿಲ್ಲ. ಆಗ ಬುಷ್‌ನ ಒಂದೇ ಬದಿ ಪ್ರತಿ ಸುತ್ತಿನಲ್ಲೂ ಶಾಫ್ಟನ್ನು ಒತ್ತುತ್ತದೆ. ಅದೇ ಬದಿ ಸವೆದು ತೂತು ಮೊಟ್ಟೆಯಾಕಾರ ಆಗುತ್ತದೆ, ಶಾಫ್ಟ್ ಮಾತ್ರ ಸುತ್ತಲೂ ಸಮನಾಗಿ ಸವೆಯುತ್ತದೆ. ಹಾಗಾಗಿ ಸುತ್ತಲೂ ಸವೆದಿದ್ದರೆ ಹೌಸಿಂಗ್ ಅಳೆಯಿರಿ. ಒಂದೇ ಕಡೆ ಸವೆದಿದ್ದರೆ ಬುಷ್ ಕೂರಿಸಿದ ರೀತಿಯನ್ನು ಅನುಮಾನಿಸಿ.

ಎಂಜಿನ್ ಬದಲಾದ ಕಾರಾದರೆ ಇನ್ನೂ ಒಂದು ನೋಡಬೇಕು. ಆಟೊಮ್ಯಾಟಿಕ್ ಗೇರ್ ಬಾಕ್ಸ್‌ಗೆ ಮಾಡಿದ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ತೂತನ್ನು ಪೈಲಟ್ ಬುಷ್‌ಗೆ ಬೇಕಾದ ಅಳತೆಗೆ, ಆಳಕ್ಕೆ ಕೊರೆದಿರದೆ ಇರಬಹುದು. ಹಳೇ ಕ್ರೈಸ್ಲರ್ ಎಂಜಿನ್‌ಗಳಲ್ಲಿ ಇದು ಚೆನ್ನಾಗಿ ಗೊತ್ತಿರುವ ತೊಂದರೆ. ತೂತಿನ ಆಳ ಸಾಲದಿದ್ದರೆ ಶಾಫ್ಟ್ ತುದಿ ಕ್ರ್ಯಾಂಕನ್ನೇ ಮುಂದಕ್ಕೆ ತಳ್ಳುತ್ತದೆ, ಥ್ರಸ್ಟ್ ವಾಷರ್ ಹಾಳಾಗುತ್ತದೆ. ಬೆಲ್ ಹೌಸಿಂಗ್ ಮುಖದಿಂದ ಶಾಫ್ಟ್ ಎಷ್ಟು ಹೊರಗೆ ಚಾಚಿದೆ, ಎಂಜಿನ್ ಕಡೆಯ ಮುಖದಿಂದ ತೂತಿನ ತಳ ಎಷ್ಟು ಆಳದಲ್ಲಿದೆ ಎರಡನ್ನೂ ಅಳೆದುಬಿಡಿ.

ಹಳೇ ಬುಷ್ ಹೊರಗೆ

ಗ್ರೀಸ್ ವಿಧಾನ ಎಲ್ಲರಿಗೂ ಗೊತ್ತು, ಚೆನ್ನಾಗಿಯೂ ಕೆಲಸ ಮಾಡುತ್ತದೆ. ಬುಷ್ ಹಿಂದಿನ ಖಾಲಿ ಜಾಗಕ್ಕೆ ಗ್ರೀಸ್ ತುಂಬಿ, ಬುಷ್ ತೂತಿಗೆ ಸರಿಯಾಗಿ ಕೂರುವ ಉಕ್ಕಿನ ರಾಡನ್ನು ಇಟ್ಟು ಸುತ್ತಿಗೆಯಿಂದ ಹೊಡೆಯುವುದು. ಗ್ರೀಸ್ ಹೋಗಲು ಜಾಗವಿಲ್ಲದೆ ಬುಷ್ಷನ್ನು ಹಿಂದಿನಿಂದ ತಳ್ಳುತ್ತದೆ. ಅದೇ ಗೇರ್ ಬಾಕ್ಸಿನ ಹಾಳಾದ ಇನ್‌ಪುಟ್ ಶಾಫ್ಟ್ ಒಂದು ಸಿಕ್ಕರೆ ಅದಕ್ಕಿಂತ ಒಳ್ಳೆಯ ರಾಡ್ ಬೇರೆ ಇಲ್ಲ. ಒಳಗೆ ಗಾಳಿ ಉಳಿಯದಂತೆ ಒತ್ತಿ ತುಂಬಬೇಕು. ಬುಷ್ ಸ್ವಲ್ಪ ಜರುಗಿದ ಮೇಲೆ ಖಾಲಿಯಾದ ಜಾಗಕ್ಕೆ ಮತ್ತೆ ಗ್ರೀಸ್. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ರಾಡ್ ಸುತ್ತ ಬಟ್ಟೆ ಸುತ್ತಿ. ಗ್ರೀಸ್ ಪಕ್ಕದಿಂದ ಪಿಚಕ್ಕನೆ ಹಾರುತ್ತದೆ.

ಇದು ಸೋಲುವುದು ಬುಷ್ ತುಂಬಾ ಸವೆದಾಗ. ರಾಡಿಗೂ ಬುಷ್‌ಗೂ ನಡುವೆ ಸಂದಿ ಜಾಸ್ತಿ ಇದ್ದರೆ ಗ್ರೀಸ್ ಎಲ್ಲ ವಾಪಸ್ ಬರುತ್ತದೆ. ರಾಡಿಗೆ ಟೇಪ್ ಸುತ್ತಿ ನೋಡಬಹುದು, ಅಥವಾ ಗ್ರೀಸ್ ಬದಲು ನೆನೆಸಿದ ಕಾಗದವನ್ನು ಉಂಡೆ ಮಾಡಿ ತುಂಬಬಹುದು. ಕಾಗದ ಸಂದಿಯಲ್ಲಿ ಅಷ್ಟು ಸುಲಭವಾಗಿ ನುಸುಳುವುದಿಲ್ಲ. ಆಮೇಲೆ ತೂತು ತೊಳೆಯುವ ರಗಳೆಯೂ ಕಡಿಮೆ.

ಅದಕ್ಕೂ ಬಗ್ಗದಿದ್ದರೆ ಬುಷ್ ತೂತಿಗಿಂತ ತುಸು ದೊಡ್ಡ ಟ್ಯಾಪ್ ತೆಗೆದುಕೊಂಡು ಒಳಗೆ ಮರೆ (ಥ್ರೆಡ್) ಕೊರೆಯಿರಿ. ಅದೇ ಮರೆಯ ಬೋಲ್ಟ್ ತಿರುಗಿಸುತ್ತಾ ಹೋದರೆ ಬೋಲ್ಟಿನ ತುದಿ ಕ್ರ್ಯಾಂಕ್ ತೂತಿನ ತಳಕ್ಕೆ ತಾಗಿ ಬುಷ್ ತಾನೇ ಹೊರಗೆ ಬರುತ್ತದೆ. ನನಗೆ ಇದೇ ಇಷ್ಟ. ನಿಧಾನ, ಆದರೆ ಏಟು ಬೀಳುವುದಿಲ್ಲ. ಬಾಲ್ ಬೇರಿಂಗ್ ಇದ್ದರೆ ಒಳಗಿನಿಂದ ಕೊಕ್ಕೆ ಹಾಕಿ ಎಳೆಯುವ ಸ್ಲೈಡ್ ಹ್ಯಾಮರ್ ಪುಲ್ಲರ್ ಬೇಕು. ಕೊನೆಯ ದಾರಿ ಹ್ಯಾಕ್ಸಾ ಬ್ಲೇಡಿನಲ್ಲಿ ಬುಷ್ ಸೀಳುವುದು. ಬ್ಲೇಡ್ ಕ್ರ್ಯಾಂಕಿಗೆ ತಾಗುವ ಮೊದಲೇ ನಿಲ್ಲಿಸಿ, ಉಳಿದ ತೆಳು ಪದರವನ್ನು ಸಣ್ಣ ಉಳಿಯಿಂದ ಒಳಕ್ಕೆ ಮಡಚಿ. ಕ್ರ್ಯಾಂಕ್ ತೂತಿಗೆ ಗೀರು ಬಿದ್ದರೆ ಅದನ್ನು ಸರಿಮಾಡುವುದು ದೊಡ್ಡ ಕೆಲಸ.

ಯಾವ ದಾರಿಯಲ್ಲಿ ತೆಗೆದರೂ ತೂತನ್ನು ತಳದವರೆಗೆ ತೊಳೆಯಿರಿ. ಹಿಂದೆ ಉಳಿದ ಗ್ರೀಸ್ ಶಾಫ್ಟ್ ಒಳಗೆ ಬರಲು ಬಿಡುವುದಿಲ್ಲ. ಬಿಟ್ಟರೂ ಬಿಸಿಯಲ್ಲಿ ಕರಗಿ ಹೊಸ ಕ್ಲಚ್ ಪ್ಲೇಟಿನ ಮೇಲೆ ಚಿಮ್ಮುತ್ತದೆ.

ಹೊಸ ಬುಷ್ ಆರಿಸುವುದು, ಎಣ್ಣೆ ಕುಡಿಸುವುದು

ಹೆಚ್ಚಿನ ಕಾರುಗಳಿಗೆ ಬೇಕಾದದ್ದು ಸಿಂಟರ್ಡ್ ಬ್ರಾಂಜ್ ಬುಷ್. ಸುಮಾರು 90 ಪಾಲು ತಾಮ್ರ, 10 ಪಾಲು ತವರದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು. ಆಯಿಲೈಟ್ ಅನ್ನುವ ಹೆಸರಿನಲ್ಲಿ ಪರಿಚಿತ. ಅದರೊಳಗೆ ಕಣ್ಣಿಗೆ ಕಾಣದ ರಂಧ್ರಗಳಿದ್ದು, ಗಾತ್ರದ ಐದನೇ ಒಂದು ಪಾಲಿನಷ್ಟು ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆ. ಶಾಫ್ಟ್ ಉಜ್ಜಿ ಬಿಸಿಯಾದಾಗ ಎಣ್ಣೆ ಹೊರಗೆ ಬರುತ್ತದೆ, ತಣ್ಣಗಾದಾಗ ಒಳಗೆ ಹೋಗುತ್ತದೆ.

ಕೊಳ್ಳುವಾಗ ಜೇಬಿನಲ್ಲಿ ಮ್ಯಾಗ್ನೆಟ್ ಇರಲಿ. ಬ್ರಾಂಜ್‌ಗೆ ಅದು ಅಂಟುವುದಿಲ್ಲ. ಅಂಟಿದರೆ ಅದು ಕಬ್ಬಿಣದ ಪುಡಿ ಬೆರೆಸಿದ ಬುಷ್, ಎಣ್ಣೆ ಆರಿದ ದಿನ ಶಾಫ್ಟ್ ತುದಿಯನ್ನೇ ತಿನ್ನುತ್ತದೆ. ವಾಪಸ್ ಕೊಡಿ. ನೀಡಲ್ ಬೇರಿಂಗ್ ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ಅದಕ್ಕೆ ಗಡಸು ಮಾಡಿದ, ನುಣುಪಾದ ಶಾಫ್ಟ್ ತುದಿ ಬೇಕು, ಸ್ವಲ್ಪ ಓರೆಯಾದರೂ ಅದು ತಡೆಯುವುದಿಲ್ಲ. ಬುಷ್‌ಗೆಂದೇ ಮಾಡಿದ ಹಳೇ ಶಾಫ್ಟಿಗೆ ಬುಷ್ಷೇ ಸರಿ.

ಎಷ್ಟು ದಿನದಿಂದ ಡಬ್ಬಿಯಲ್ಲಿ ಒಣಗಿತ್ತೋ ಗೊತ್ತಿಲ್ಲದ ಕಾರಣ ಬುಷ್ಷನ್ನು ಹೊಸ ಎಂಜಿನ್ ಆಯಿಲ್‌ನಲ್ಲಿ 24 ಗಂಟೆ ಮುಳುಗಿಸಿಡಬೇಕು. ಅಷ್ಟು ಪುರುಸೊತ್ತಿಲ್ಲದಿದ್ದರೆ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಎಣ್ಣೆಯಲ್ಲಿ 2 ಗಂಟೆ. ಇನ್ನೊಂದು ಹಳೇ ಉಪಾಯ ನೋಡಲೂ ಚೆಂದ. ಬುಷ್‌ನ ಕೆಳಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಒಳಗೆ ಎಣ್ಣೆ ತುಂಬಿ. ಮೇಲ್ಬಾಯಿಗೆ ಇನ್ನೊಂದು ಹೆಬ್ಬೆರಳು ಇಟ್ಟು ಬಲವಾಗಿ ಒತ್ತಿ. ಸ್ವಲ್ಪ ಹೊತ್ತಿನಲ್ಲಿ ಹೊರಮೈ ಮೇಲೆ ಬೆವರಿನಂತೆ ಸಣ್ಣ ಹನಿಗಳು ಮೂಡುತ್ತವೆ. ಹನಿ ಮೂಡಿದರೆ ರಂಧ್ರ ತೆರೆದಿದೆ, ಎಣ್ಣೆ ಹೊಕ್ಕಿದೆ. ಎಷ್ಟು ಒತ್ತಿದರೂ ಒಣಗಿಯೇ ಇದ್ದರೆ ಅದು ಸಿಂಟರ್ಡ್ ಅಲ್ಲ, ಗಟ್ಟಿ ಬ್ರಾಂಜ್.

ಸಿಂಟರ್ಡ್ ಬುಷ್ ಒಳಗೆ ಗ್ರೀಸ್ ಬಳಿಯಬೇಡಿ. ಗ್ರೀಸ್‌ನಲ್ಲಿರುವ ಸೋಪು ರಂಧ್ರಗಳನ್ನು ಮುಚ್ಚುತ್ತದೆ. ಒಳ್ಳೆಯದಾಗಲಿ ಅಂತ ಬಳಿದದ್ದೇ ಬುಷ್ ಒಣಗಲು ಕಾರಣವಾಗುತ್ತದೆ.

ಅಳತೆ

ಇಲ್ಲಿ ಅವಸರ ಬೇಡ. ಮೂರು ಅಳತೆ ಬೇಕು: ಕ್ರ್ಯಾಂಕ್ ತೂತು, ಬುಷ್ ಹೊರವ್ಯಾಸ, ಶಾಫ್ಟ್ ತುದಿ. ಬುಷ್ ಕ್ರ್ಯಾಂಕಿನಲ್ಲಿ ಬಿಗಿಯಾಗಿ ಕೂರಬೇಕು. ಒಳಗೆ ಶಾಫ್ಟಿಗೆ ಸಾಮಾನ್ಯವಾಗಿ 0.03 ರಿಂದ 0.08 ಮಿಲಿಮೀಟರ್ ಸಡಿಲ ಸಿಗಬೇಕು. ಎಡವುವುದು ಎಲ್ಲಿ ಅಂದರೆ, ಬುಷ್ಷನ್ನು ಬಿಗಿಯಾಗಿ ಒತ್ತಿದಾಗ ಅದರ ಒಳತೂತೂ ಕುಗ್ಗುತ್ತದೆ. ಹೊರಗಿನ ಬಿಗಿ ಎಷ್ಟಿದೆಯೋ ಒಳಗೂ ಹೆಚ್ಚುಕಡಿಮೆ ಅಷ್ಟೇ.

ಒಂದು ಲೆಕ್ಕ ಹಾಕೋಣ. ಶಾಫ್ಟ್ ತುದಿ 14.98 ಮಿಲಿಮೀಟರ್. ಕೈಯಲ್ಲಿರುವ ಬುಷ್ ಒಳವ್ಯಾಸ 15.06. ಮೇಜಿನ ಮೇಲೆ ಹಾಕಿ ನೋಡಿದರೆ 0.08 ಸಡಿಲ, ಅಯ್ಯೋ ಜಾಸ್ತಿ ಆಯಿತೇನೋ ಅನಿಸುತ್ತದೆ. ಬುಷ್ ಕ್ರ್ಯಾಂಕ್ ತೂತಿಗಿಂತ 0.05 ದೊಡ್ಡದಿದೆ ಅನ್ನಿ. ಒತ್ತಿ ಕೂರಿಸಿದ ಮೇಲೆ ಒಳವ್ಯಾಸ 15.01ರ ಆಸುಪಾಸಿಗೆ ಬರುತ್ತದೆ. ಉಳಿಯುವ ಸಡಿಲ 0.03 ಮಾತ್ರ. ಮೇಜಿನ ಮೇಲೆಯೇ ಬಿಗಿಯಾಗಿ ಹೊಂದುವ ಬುಷ್ ಕಾರಿನಲ್ಲಿ ಕಚ್ಚಿಕೊಳ್ಳುವುದು ಖಚಿತ.

ಕೂರಿಸಿದ ಮೇಲೆ ಬಿಗಿ ಬಂದರೆ ರೀಮರ್ ಹಾಕಿ ದೊಡ್ಡದು ಮಾಡುವ ಆಸೆ ಆಗುತ್ತದೆ. ಸಿಂಟರ್ಡ್ ಬುಷ್‌ಗೆ ಅದು ಒಗ್ಗುವುದಿಲ್ಲ. ರೀಮರ್, ಅದರಲ್ಲೂ ಮೊಂಡಾದದ್ದು, ಲೋಹವನ್ನು ಸವರಿ ರಂಧ್ರ ಮುಚ್ಚಿಬಿಡುತ್ತದೆ. ಲೇತಿನಲ್ಲಿ ಹರಿತ ಟೂಲ್‌ನಿಂದ ತೆಳುವಾಗಿ ಕತ್ತರಿಸಿದರೆ ತೊಂದರೆ ಕಡಿಮೆ, ಅದನ್ನೂ ಕೂರಿಸುವ ಮೊದಲೇ ಲೆಕ್ಕ ಹಾಕಿ ಮಾಡಿಸಬೇಕು. ಶಾಫ್ಟ್ ತುದಿ ಸವೆದು ಸಣ್ಣದಾಗಿದ್ದರೆ, ಅಥವಾ ಕ್ರ್ಯಾಂಕ್ ತೂತು ದೊಡ್ಡದಾಗಿ ಬುಷ್ ಕೈಯಲ್ಲೇ ಒಳಗೆ ಜಾರುತ್ತಿದ್ದರೆ, ಅಳತೆ ಕೊಟ್ಟು ಲೇತಿನಲ್ಲಿ ಬೇರೆ ಬುಷ್ ಮಾಡಿಸಿಕೊಳ್ಳುವುದೇ ಸರಿಯಾದ ದಾರಿ. ತೂತಿಗೆ ಪಂಚ್ ಹೊಡೆದು ಗಂಟು ಎಬ್ಬಿಸಿ ಹಿಡಿಸುವುದು ಬೇಡ, ಬುಷ್ ನಡುಗೆರೆ ತಪ್ಪುತ್ತದೆ.

ಕೂರಿಸುವುದು

ಮೆಟ್ಟಿಲಿರುವ ಒಂದು ಮ್ಯಾಂಡ್ರೆಲ್ (ಬುಷ್ ಕೂರಿಸುವ ಗುಂಡು ದಂಡ) ಲೇತಿನಲ್ಲಿ ಮಾಡಿಸಿಕೊಳ್ಳಿ. ಸಣ್ಣ ಭಾಗ ಶಾಫ್ಟ್ ತುದಿಯ ಅಳತೆ, ನುಣುಪಾಗಿರಬೇಕು. ದೊಡ್ಡ ಭಾಗ ಬುಷ್‌ನ ಅಂಚಿಗೆ ಆನುವಷ್ಟು. ಸಣ್ಣ ಭಾಗ ಒಳಗಿದ್ದರೆ ಬುಷ್ ಸೊಟ್ಟಗೆ ಹೋಗುವುದಿಲ್ಲ, ಒಳಗೆ ಬೇಕಾದ್ದಕ್ಕಿಂತ ಕುಗ್ಗುವುದೂ ಇಲ್ಲ. ಬುಷ್ಷನ್ನು ಫ್ರೀಜರಿನಲ್ಲಿ ಇಟ್ಟು ತೆಗೆದರೆ ಇನ್ನೂ ಸಲೀಸು. ಒಳಅಂಚಿಗೆ ಇಳಿಜಾರು ಇರುವ ಬದಿ ಗೇರ್ ಬಾಕ್ಸ್ ಕಡೆಗಿರಲಿ, ಶಾಫ್ಟ್ ದಾರಿ ಹುಡುಕಿಕೊಳ್ಳುವುದು ಅಲ್ಲಿಂದ. ಮ್ಯಾಂಡ್ರೆಲ್ ನೇರ ಹಿಡಿದು ಸಣ್ಣ ಸಣ್ಣ ಏಟು. ಮೊದಲ ಎರಡು ಮೂರು ಏಟಿನಲ್ಲೇ ಓರೆಯಾಗಿದೆಯೇ ಗೊತ್ತಾಗುತ್ತದೆ. ಓರೆಯಾದರೆ ಹೊಡೆದು ನೇರ ಮಾಡಲು ಹೋಗದೆ ಹೊರಗೆ ತೆಗೆಯಿರಿ. ಬುಷ್ ಮುಖಕ್ಕೆ ನೇರವಾಗಿ ಸುತ್ತಿಗೆ ಬೇಡವೇ ಬೇಡ. ಆಳ ಕೈಪಿಡಿಯಂತೆ, ಇಲ್ಲದಿದ್ದರೆ ಹಳೆಯದು ಎಷ್ಟು ಒಳಗಿತ್ತೋ ಅಷ್ಟೇ. ತೆಗೆಯುವ ಮೊದಲು ಅದನ್ನು ಅಳೆದು ಬರೆದಿಟ್ಟಿರಬೇಕು.

ಕೊನೆಗೆ ಶಾಫ್ಟ್ ತುದಿ ಕೈಯಲ್ಲೇ ಒಳಗೆ ಹೋಗಿ, ಸರಾಗ ತಿರುಗಿ, ಅಲುಗಾಡಿಸಿದರೆ ಕೈಗೆ ಗೊತ್ತಾಗದಷ್ಟು ಸಡಿಲ ಇರಬೇಕು. ಗೇರ್ ಬಾಕ್ಸ್ ಏರಿಸುವ ಮೊದಲೇ ಇದನ್ನು ಹಾಳಾದ ಶಾಫ್ಟ್ ತುದಿಯಿಂದಲೋ ಅದೇ ಅಳತೆಯ ಮ್ಯಾಂಡ್ರೆಲ್‌ನಿಂದಲೋ ನೋಡಿಕೊಳ್ಳಿ.

ಹೌಸಿಂಗ್ ಅಳೆಯುವುದು

ಬುಷ್ ಸುತ್ತಲೂ ಸವೆದಿತ್ತು ಅಥವಾ ಇದು ಎರಡನೇ ಸಲ ಹೋಗಿದೆ ಅಂದರೆ ಇದನ್ನು ಬಿಡಬೇಡಿ. ಮೊದಲು ಡೋವೆಲ್ ಪಿನ್‌ಗಳು ಇವೆಯೇ ನೋಡಿ. ಹಿಂದೆ ಯಾರೋ ತೆಗೆದು ವಾಪಸ್ ಹಾಕದೆ ಬರೀ ಬೋಲ್ಟ್ ನಂಬಿ ಬಿಟ್ಟಿರುವುದು ಅಪರೂಪವಲ್ಲ. ಬೋಲ್ಟ್ ಬಿಗಿಯುತ್ತದೆ ಅಷ್ಟೆ, ಜಾಗ ತೋರಿಸುವುದು ಡೋವೆಲ್. ಹೌಸಿಂಗ್ ಮತ್ತು ಬ್ಲಾಕಿನ ಮುಖಗಳ ನಡುವೆ ಹಳೇ ಪೇಂಟು, ಮಣ್ಣು ಸಿಕ್ಕಿಕೊಂಡಿದ್ದರೂ ಹೌಸಿಂಗ್ ಓರೆ ಕೂರುತ್ತದೆ.

ಹೌಸಿಂಗ್ ಬೇರೆಯಾಗಿ ಬಿಚ್ಚಿಬರುವ ಕಾರಾದರೆ ಡಯಲ್ ಗೇಜ್ ಸ್ಟ್ಯಾಂಡನ್ನು ಫ್ಲೈವೀಲಿಗೆ ಕೂರಿಸಿ, ಗೇಜಿನ ಮುಳ್ಳನ್ನು ಹೌಸಿಂಗಿನ ನಡು ತೂತಿನ ಒಳ ಅಂಚಿಗೆ ತಾಗಿಸಿ ಕ್ರ್ಯಾಂಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಹಳೇ ಅಮೆರಿಕನ್ ಕಾರುಗಳಲ್ಲಿ ರೂಢಿಯ ಮಿತಿ 0.005 ಇಂಚು, ಅಂದರೆ 0.13 ಮಿಲಿಮೀಟರ್. ಗೇಜ್ ತೋರಿಸುವುದು ತಪ್ಪಿನ ಎರಡರಷ್ಟು ಅನ್ನುವುದು ನೆನಪಿರಲಿ. 0.014 ಇಂಚು ತೋರಿಸಿದರೆ ಹೌಸಿಂಗ್ ಸರಿಯಬೇಕಾದದ್ದು 0.007. ಇದಕ್ಕೆಂದೇ ನಡು ತಪ್ಪಿಸಿ ಮಾಡಿದ ಡೋವೆಲ್‌ಗಳು 0.007, 0.014, 0.021 ಇಂಚಿನಲ್ಲಿ ಕೆಲವು ಎಂಜಿನ್‌ಗಳಿಗೆ ಸಿಗುತ್ತವೆ.

ಗೇರ್ ಬಾಕ್ಸ್ ಏರಿಸುವಾಗ

ಹೊಸ ಬುಷ್ ಹಾಳಾಗುವುದು ಬಹಳ ಸಲ ಈ ಹತ್ತು ನಿಮಿಷದಲ್ಲೇ. ಕ್ಲಚ್ ಪ್ಲೇಟನ್ನು ಅಲೈನ್‌ಮೆಂಟ್ ಟೂಲ್ ಹಾಕಿ ನಡುವಿಗೆ ತಂದು ಕವರ್ ಬಿಗಿಯಿರಿ. ಸ್ಪ್ಲೈನ್ ಮೇಲೆ ಗ್ರೀಸ್ ತೆಳು ಲೇಪ ಸಾಕು, ಕೈಗೆ ಅಂಟುವಷ್ಟು ಬೇಡ. ಬ್ಲಾಕಿನ ಮೇಲಿನ ಎರಡು ಬೋಲ್ಟ್ ತೂತಿಗೆ ತಲೆ ಕತ್ತರಿಸಿದ ಉದ್ದ ಬೋಲ್ಟ್‌ಗಳನ್ನು ಹಾಕಿಕೊಂಡರೆ ಗೇರ್ ಬಾಕ್ಸ್ ಅದರ ಮೇಲೆ ನೇರವಾಗಿ ಜಾರಿ ಬರುತ್ತದೆ.

ಗೇರ್ ಬಾಕ್ಸ್ ಭಾರವನ್ನು ಒಂದು ಕ್ಷಣವೂ ಇನ್‌ಪುಟ್ ಶಾಫ್ಟ್ ಮೇಲೆ ನೇತುಬಿಡಬೇಡಿ. ಕೆಳಗೆ ಜ್ಯಾಕ್ ಇರಲೇಬೇಕು. ನೇತುಬಿದ್ದರೆ ಕ್ಲಚ್ ಪ್ಲೇಟಿನ ಹಬ್ ಬಾಗುತ್ತದೆ, ಬುಷ್‌ನ ಬಾಯಿ ಕಿತ್ತುಹೋಗುತ್ತದೆ. ಕೊನೆಯ ಒಂದು ಬೆರಳಿನಷ್ಟು ಸಂದಿ ಉಳಿದು ಮುಂದೆ ಹೋಗದಿದ್ದರೆ ಶಾಫ್ಟ್ ತುದಿ ಬುಷ್ ಬಾಯಿಗೆ ಸಿಕ್ಕಿಲ್ಲ ಅಂತ ಅರ್ಥ. ಬೋಲ್ಟ್ ಬಿಗಿದು ಎಳೆದುಕೊಳ್ಳುವ ಆಸೆಯನ್ನು ಅಲ್ಲೇ ಬಿಡಿ. ಹಾಗೆ ಎಳೆದರೆ ಬುಷ್ ಒಡೆಯುತ್ತದೆ, ಹೌಸಿಂಗಿನ ಕಿವಿಯೂ ಸೀಳಬಹುದು. ಗೇರ್ ಹಾಕಿ ಹಿಂದಿನ ಶಾಫ್ಟನ್ನು ಸ್ವಲ್ಪ ತಿರುಗಿಸಿ, ಜ್ಯಾಕನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ ನೋಡಿ. ಎರಡು ಮುಖಗಳ ನಡುವಿನ ಸಂದಿ ಸುತ್ತಲೂ ಒಂದೇ ಇದೆಯೇ ಗಮನಿಸಿ. ಸರಿ ಹೊಂದಿದಾಗ ಮುಖಕ್ಕೆ ಮುಖ ಕೈಬಲದಿಂದಲೇ ಕೂರುತ್ತದೆ. ಬೋಲ್ಟ್ ಆಮೇಲೆ.

ಪೆಡಲ್ ಫ್ರೀ ಪ್ಲೇ ಸರಿಮಾಡಿ, ಗೇರ್ ಎಣ್ಣೆ ಮಟ್ಟ ನೋಡಿ ಸ್ಟಾರ್ಟ್ ಮಾಡಿ. ಮೊದಲು ಮಾಡಿದ್ದ ಮೂರೂ ಸದ್ದಿನ ಪರೀಕ್ಷೆಗಳನ್ನು ಅದೇ ಕ್ರಮದಲ್ಲಿ, ಎಂಜಿನ್ ಮತ್ತು ಗೇರ್ ಎಣ್ಣೆ ಎರಡೂ ಬಿಸಿಯಾದ ಮೇಲೆ ಇನ್ನೊಮ್ಮೆ ಮಾಡಿ. ಗೇರ್ ಹಾಕಿ ಪೆಡಲ್ ಒತ್ತಿದಾಗ ಸದ್ದು ಹೋಗಿದ್ದು, ರಿವರ್ಸ್ ಮಾತ್ರ ಇನ್ನೂ ಕರ್ರ್ ಅನ್ನುತ್ತಿದ್ದರೆ ಮತ್ತೆ ಗೇರ್ ಬಾಕ್ಸ್ ಇಳಿಸುವ ಮಾತು ಬೇಡ. ಮೊದಲು ಹೈಡ್ರಾಲಿಕ್ ಗಾಳಿ ತೆಗೆಯಿರಿ, ಫೋರ್ಕ್ ಓಟ ಅಳೆಯಿರಿ.